ಹೈಸ್ಕೂಲು ಸೇರಿದ ಮಗುವೂ ಜೂನ್ ತಿಂಗಳ ಕೆಲಸವೂ

ಜೂನ್ ಸಂಚಿಕೆಯಲ್ಲಿ ಕೊಳೆರೋಗದ ವಿಚಾರ ಬರೆಯುವುದು ಇಂಥ ಪತ್ರಿಕೆಗಳ ವಾಡಿಕೆ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಮೊದಲನೆಯ ಸಿಂಪರಣೆ ಮಳೆ ಹಿಡಿಯುವ ಮುಂಚೆ ಆಗಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ ಆಗಬೇಕು ಎಂಬುದೆಲ್ಲ ನಮ್ಮ ಸದಸ್ಯರಿಗೆ ಬಾಯಿಪಾಠ. ಆದುದರಿಂದ ಈ ಸಲ ಆ ಪುಟವನ್ನು ಬೇರೊಂದು ವಿಷಯಕ್ಕೆ ಬಿಟ್ಟುಕೊಟ್ಟಿದ್ದೇವೆ. ನಾವು ಪಂಪು, ಡ್ರಮ್ಮು, ಮರ ಹತ್ತುವ ಆಳು ಎಂದು ಓಡಾಡುವ ಇದೇ ದಿನಗಳಲ್ಲಿ ನಮ್ಮ ಮನೆಯ ಮಗುವೊಂದು ಏಳನೆಯ ತರಗತಿ ಮುಗಿಸಿ ಎಂಟನೆಯದಕ್ಕೆ, ಅಂದರೆ ಹೈಸ್ಕೂಲಿಗೆ, ಕಾಲಿಡುತ್ತದೆ. ಫೀಸು ಕಟ್ಟಿ, ಪುಸ್ತಕ ಕೊಡಿಸಿ, ಸಮವಸ್ತ್ರ ಹೊಲಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತೆಂದು ನಮ್ಮಲ್ಲಿ ಬಹು ಮಂದಿ ತಿಳಿದಿದ್ದಾರೆ. ಕೆಲಸ ಆರಂಭವಾಗುವುದೇ ಆಮೇಲೆ ಎಂಬುದು ನಮ್ಮ ಅಭಿಪ್ರಾಯ.

ಬೆಳೆಗಾರನ ಮನೆಗೆ ಬೇರೆಯವರಿಗಿಲ್ಲದ ತೊಡಕೊಂದಿದೆ. ಶಾಲೆಯ ಪಂಚಾಂಗವೂ ತೋಟದ ಪಂಚಾಂಗವೂ ಒಂದಕ್ಕೊಂದು ಅಡ್ಡ ಬೀಳುತ್ತವೆ. ಮಗು ಹೊಸ ಶಾಲೆಯಲ್ಲಿ ದಿಕ್ಕು ತೋಚದೆ ನಿಂತಿರುವ ಜೂನ್ ಜುಲೈಯಲ್ಲಿ ತಂದೆ ಔಷಧಿ ಹೊಡೆಸುತ್ತಿರುತ್ತಾನೆ, ಇಲ್ಲವೆ ಗಿಡ ನೆಡಿಸುತ್ತಿರುತ್ತಾನೆ. ಅರ್ಧ ವರ್ಷದ ಪರೀಕ್ಷೆಯ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿತ. ನವೆಂಬರಿನಿಂದ ಅರೇಬಿಕಾ ಹಣ್ಣು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಹತ್ತನೆಯ ತರಗತಿಯ ಮಗು ಪರೀಕ್ಷೆಗೆ ಕೂರುವ ಮಾರ್ಚಿಯಲ್ಲಿ ಕಣದಲ್ಲಿ ಕಾಫಿ, ತೋಟದಲ್ಲಿ ಸ್ಪ್ರಿಂಕ್ಲರ್, ಆಕಾಶದ ಕಡೆ ಕಣ್ಣು. ಇದು ಯಾರ ತಪ್ಪೂ ಅಲ್ಲ, ಕಸುಬಿನ ಸ್ವರೂಪವೇ ಹಾಗೆ. ಆದರೆ ಇದನ್ನು ಮುಂಚೆಯೇ ಅರಿತು ಏರ್ಪಾಡು ಮಾಡಿಕೊಳ್ಳದಿದ್ದರೆ ನಷ್ಟ ಮಗುವಿನ ಲೆಕ್ಕಕ್ಕೆ ಬೀಳುತ್ತದೆ.

ಮಲೆನಾಡಿನ ಸದಸ್ಯರು ಬೆಂಗಳೂರಿಗೆ ಹೋಗುವಾಗ ಹಾಸನದ ರಸ್ತೆ ನೆಲಮಂಗಲದಲ್ಲಿ ತುಮಕೂರಿನ ಹೆದ್ದಾರಿಯನ್ನು ಕೂಡುವುದನ್ನು ನೋಡಿರುತ್ತಾರೆ. ಅಲ್ಲಿಯೇ ಹತ್ತಿರ ಅರಿಶಿನಕುಂಟೆ. ಹೆಸರು ಕೇಳಿದರೆ ಕೆರೆ ಕುಂಟೆಯ ಹಳ್ಳಿಯೆನ್ನಿಸುತ್ತದೆ. ಈಗ ಅದು ನೆಲಮಂಗಲ ಪೇಟೆಗೆ ಅಂಟಿಕೊಂಡೇ ಬೆಳೆದುಬಿಟ್ಟಿದೆ; ಬಾಡಿಗೆ ಮನೆಗಳು, ಲಾರಿಗಳು, ಶಾಲೆಯ ಹಳದಿ ಬಸ್ಸುಗಳು. ಆ ಸೀಮೆಯಲ್ಲಿ ಬೋರ್‌ವೆಲ್ ನೀರಿನಲ್ಲಿ ಅಡಿಕೆ ಬೆಳೆಯುವವರ ಮಕ್ಕಳು ಹಳ್ಳಿಯಿಂದ ಅಲ್ಲಿಗೆ ಓದಲು ಬರುತ್ತಾರೆ. ಘಟ್ಟದ ಕಡೆಯ ಕಾಫಿ ಬೆಳೆಗಾರರ ಮಕ್ಕಳೂ ಇಂಥ ಊರುಗಳಲ್ಲಿ ಮನೆ ಮಾಡಿಕೊಂಡಿರುವುದುಂಟು. ತಂದೆ ತೋಟದಲ್ಲಿ, ತಾಯಿ ಅರ್ಧ ಅಲ್ಲಿ ಅರ್ಧ ಇಲ್ಲಿ, ಮಕ್ಕಳ ಜೊತೆ ಅಜ್ಜಿ. ಊರಿನಲ್ಲಿ ಹತ್ತಾರು ಜನಕ್ಕೆ ಅನ್ನ ಹಾಕಿ ಗಟ್ಟಿಯಾಗಿದ್ದ ಮುದುಕಿ ಎರಡು ಕೋಣೆಯ ಮನೆಯಲ್ಲಿ ಕಿಟಕಿ ಹಿಡಿದು ಕೂರುತ್ತಾಳೆ. ಮಗು ಏನು ಓದುತ್ತದೆಂಬುದು ಅವಳಿಗೆ ತಿಳಿಯದು, ಯಾರ ಜೊತೆ ಓಡಾಡುತ್ತದೆಂದು ಕೇಳಿದರೆ ಅದು ಹೇಳದು. ಶನಿವಾರ ತಂದೆ ಬಂದಾಗ ಕೇಳುವುದು ಒಂದೇ ಮಾತು: "ಚೆನ್ನಾಗಿ ಓದ್ತಿದ್ದೀಯೇನೋ?" ಬರುವ ಉತ್ತರವೂ ಒಂದೇ: "ಹ್ಞೂಂ ಅಪ್ಪ."

ಮಕ್ಕಳನ್ನು ಪೇಟೆಗೆ ಕಳಿಸಬಾರದೆಂದು ನಾವು ಹೇಳುತ್ತಿಲ್ಲ. ಊರಿನಲ್ಲಿ ಹೈಸ್ಕೂಲಿಲ್ಲದವರು ಮತ್ತೇನು ಮಾಡಿಯಾರು? ಆದರೆ ಮೂರು ಮೈಲಿಯೊಳಗೆ ಸರ್ಕಾರದ ಇಲ್ಲವೆ ಅನುದಾನಿತ ಹೈಸ್ಕೂಲಿದ್ದು, ಅಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಮೇಷ್ಟ್ರಿದ್ದು, ಹತ್ತನೆಯ ತರಗತಿಯವರೆಗೆ ಮಧ್ಯಾಹ್ನದ ಊಟವೂ ಇದ್ದರೂ, ನೆರೆಯವರ ಮಗ ಹೋದನೆಂಬ ಒಂದೇ ಕಾರಣಕ್ಕೆ ಸಂಸಾರವನ್ನು ಎರಡು ಭಾಗ ಮಾಡುವುದು ವಿವೇಕವಲ್ಲ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅಂಥ ವರ್ಷದ ಹಣದ ಭರವಸೆಯ ಮೇಲೆ ಆರು ವರ್ಷದ ಖರ್ಚನ್ನು ತಲೆಗೆ ಕಟ್ಟಿಕೊಳ್ಳುವ ಮುಂಚೆ 2001-02ರ ಬೆಲೆ ಕುಸಿತವನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ಆಗ ಫೀಸಿಗೆ ಪರದಾಡಿದವರು ನಮ್ಮಲ್ಲೇ ಇದ್ದಾರೆ.

ಎಂಟನೆಯ ತರಗತಿಯಲ್ಲಿ ಏನು ಬದಲಾಗುತ್ತದೆಂಬುದನ್ನು ಮಗುವಿನ ಕಣ್ಣಿನಿಂದ ನೋಡಬೇಕು. ಊರಿನ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಮೇಷ್ಟ್ರು ಎಲ್ಲ ಪಾಠ ಹೇಳುತ್ತಿದ್ದರು. ಅವರಿಗೆ ಮಗುವಿನ ಅಪ್ಪ ಗೊತ್ತು, ಅಜ್ಜ ಗೊತ್ತು, ಮನೆಯ ನಾಯಿಯೂ ಗೊತ್ತು. ಹೈಸ್ಕೂಲಿನಲ್ಲಿ ಮುಕ್ಕಾಲು ಗಂಟೆಗೊಮ್ಮೆ ಗಂಟೆ ಹೊಡೆದು ಒಬ್ಬ ಮೇಷ್ಟ್ರು ಹೋಗಿ ಇನ್ನೊಬ್ಬರು ಬರುತ್ತಾರೆ. ಹನ್ನೆರಡು ಮಕ್ಕಳಲ್ಲಿ ಮೊದಲನೆಯವನಾಗಿದ್ದ ಹುಡುಗ ಐವತ್ತು ಅರವತ್ತು ಮಕ್ಕಳಲ್ಲಿ ಹಿಂದಿನ ಬೆಂಚು ಸೇರುತ್ತಾನೆ. ಹೆಸರು ಹಿಡಿದು ಕರೆಯುವವರಿಲ್ಲ. ಮೊದಲ ತಿಂಗಳಲ್ಲಿ ಒಂದು ಪ್ರಶ್ನೆಗೆ ತಪ್ಪು ಉತ್ತರ ಹೇಳಿ ಎಲ್ಲರೂ ನಕ್ಕರೆಂದರೆ ಆ ವರ್ಷವೆಲ್ಲ ಬಾಯಿ ತೆರೆಯದ ಮಕ್ಕಳುಂಟು. ಹೆಣ್ಣುಮಕ್ಕಳಿಗೆ ಮೈನೆರೆಯುವ ಕಾಲವೂ ಸಾಮಾನ್ಯವಾಗಿ ಇದರ ಆಸುಪಾಸೇ. ಶಾಲೆಯ ಪಾಯಿಖಾನೆಗೆ ಬಾಗಿಲಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಸೇರಿಸುವ ದಿನವೇ ತಾಯಿಯಾದವಳು ಒಳಗೆ ಹೋಗಿ ನೋಡಿ ಬರಬೇಕು. ಇದಕ್ಕೆ ನಾಚಿಕೆಪಟ್ಟು ಸುಮ್ಮನಿದ್ದರೆ ತಿಂಗಳಿಗೆ ನಾಲ್ಕು ದಿನ ಹುಡುಗಿ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತಾಳೆ. ಕಾರಣ ಮಾತ್ರ ಯಾರಿಗೂ ಹೇಳುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಭಾಷೆಯ ಪ್ರಶ್ನೆ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟನೆಯದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದು ಈಗ ಸರ್ವೇಸಾಮಾನ್ಯವಾಗಿದೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತ ಬಂದಿದ್ದಾರೆ, ನಿಜ. ಆದರೆ ಇಂಗ್ಲಿಷನ್ನು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ವಿಜ್ಞಾನ ಕಲಿಯುವುದು ಬೇರೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆಂಬುದು ಕಾಫಿ ತೋಟದ ಮಗುವಿಗೆ ಹೊಸದಲ್ಲ. ಮರಗಸಿ ಮಾಡಿ ನೆರಳು ಬಿಡಿಸುವುದನ್ನು ಅದು ಪ್ರತಿ ವರ್ಷ ನೋಡಿದೆ. 'ದ್ಯುತಿಸಂಶ್ಲೇಷಣೆ' ಎಂಬ ಉದ್ದನೆಯ ಮಾತನ್ನು ಕಷ್ಟಪಟ್ಟು ಕಲಿತೂ ಇದೆ. ಈಗ 'ಫೋಟೋಸಿಂಥೆಸಿಸ್' ಎಂದೊಡನೆ ತನಗೆ ಏನೂ ಗೊತ್ತಿಲ್ಲವೆಂದುಕೊಂಡು ತಲೆ ತಗ್ಗಿಸುತ್ತದೆ. ಗೊತ್ತಿರುವುದನ್ನೇ ಗೊತ್ತಿಲ್ಲವೆಂದುಕೊಳ್ಳುವುದು ಎಂಥ ಅನ್ಯಾಯ!

ಪಿ.ಯು.ಸಿ. ವಿಜ್ಞಾನಕ್ಕೆ ಹೋದರೆ ಹೇಗೂ ಇಂಗ್ಲಿಷ್ ಬೇಕೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮ ಸಲಹೆ ಇಷ್ಟೆ. ಸೇರಿಸುವ ಮುಂಚೆ ಏಳನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಒಂದು ಪುಟವನ್ನು ಮಗು ಗಟ್ಟಿಯಾಗಿ ಓದಲಿ. ಓದಿ ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲಿ. ಕನ್ನಡದಲ್ಲಿ ಇದು ಸಲೀಸಾಗಿ ಬಂದರೆ ಇಂಗ್ಲಿಷಿಗೆ ಹೋದರೂ ಆರು ತಿಂಗಳು ಒದ್ದಾಡಿ ದಡ ಸೇರುತ್ತದೆ. ಕನ್ನಡದಲ್ಲೇ ತಡವರಿಸುವ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ದೂಡುವುದು, ಬೇರು ಬಿಡದ ಸಸಿಯನ್ನು ಬುಟ್ಟಿಯಿಂದ ಕಿತ್ತು ನೆಟ್ಟಂತೆ. ಅಂಥ ಮಗು ಕನ್ನಡ ಮಾಧ್ಯಮದಲ್ಲೇ ಮುಂದುವರಿದು ಎಸ್.ಎಸ್.ಎಲ್.ಸಿ.ಯನ್ನು ಕನ್ನಡದಲ್ಲೇ ಬರೆಯಬಹುದು. ಬದಲಾಯಿಸಲೇಬೇಕೆಂದಾದರೆ ಮೊದಲ ವರ್ಷ ಎರಡೂ ಭಾಷೆಯ ವಿಜ್ಞಾನ ಪುಸ್ತಕಗಳು ಮನೆಯಲ್ಲಿರಲಿ. ಸರ್ಕಾರದ ಪಠ್ಯಪುಸ್ತಕ ದುಬಾರಿಯೇನಲ್ಲ. ಒಂದನ್ನು ಓದಿ ಅರ್ಥ ಮಾಡಿಕೊಂಡು ಇನ್ನೊಂದರಲ್ಲಿ ಹೆಸರು ಕಲಿಯಬಹುದು.

ಶಾಲೆ ತೆರೆದೊಡನೆ 'ಸೇತುಬಂಧ' ಎಂಬ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿತದ್ದರಲ್ಲಿ ಯಾವುದು ಉಳಿದಿದೆ, ಯಾವುದು ಇಲ್ಲ ಎಂದು ಮೊದಲು ಒಂದು ಸಣ್ಣ ಪರೀಕ್ಷೆ. ಆಮೇಲೆ ಬಿಟ್ಟುಹೋದದ್ದನ್ನು ತುಂಬುವ ಪಾಠ. ಕೊನೆಗೆ ಸಾಫಲ್ಯ ಪರೀಕ್ಷೆ. ಇದು ಲೆಕ್ಕಕ್ಕಿಲ್ಲದ ಪಾಠವೆಂದು ಭಾವಿಸಿ, ಮದುವೆ ಗೃಹಪ್ರವೇಶ ಮುಗಿಸಿಕೊಂಡು ಜೂನ್ ಮಧ್ಯಕ್ಕೆ ಮಕ್ಕಳನ್ನು ಕಳಿಸುವ ಮನೆಗಳಿವೆ. ಮಲೆನಾಡಿನಲ್ಲಾದರೆ ಆ ಹೊತ್ತಿಗೆ ಮಳೆ ಹಿಡಿದು ರಜೆ ಬರಲಾರಂಭಿಸುತ್ತದೆ. ಭಿನ್ನರಾಶಿಯೇ ತಿಳಿಯದ ಮಗುವಿಗೆ ಬೀಜಗಣಿತ ಬಂದರೆ ಗತಿಯೇನು? ಸೇತುಬಂಧದ ಪರೀಕ್ಷೆಯಲ್ಲಿ ನಮ್ಮ ಮಗುವಿಗೆ ಏನು ಬಂತು, ಏನು ಬರಲಿಲ್ಲ ಎಂದು ಶಾಲೆಗೆ ಹೋಗಿ ಕೇಳುವ ತಂದೆ ತಾಯಿ ನಮ್ಮಲ್ಲಿ ಹೆಚ್ಚಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಆ ಕಾಗದವನ್ನು ಓದದೆ ಗೊಬ್ಬರ ಹಾಕುವವರುಂಟೇ?

ಶಾಲೆಗೆ ಹೋಗುವುದೆಂದರೆ ನಮ್ಮವರಿಗೆ ಏನೋ ಸಂಕೋಚ. ಬ್ಯಾಂಕಿನ ಮ್ಯಾನೇಜರ ಎದುರು ಕುರ್ಚಿ ಎಳೆದು ಕೂರುವವರು ಹೈಸ್ಕೂಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ದೂರು ಬಂದಾಗ ಮಾತ್ರ ಹೋಗುವುದು ರೂಢಿ. ದೂರಿಲ್ಲದಾಗಲೇ ಹೋಗಬೇಕೆಂದು ನಾವು ಹೇಳುತ್ತೇವೆ. ಜುಲೈ ಒಳಗೆ ಒಮ್ಮೆ ಹೋಗಿ ತರಗತಿಯ ಮೇಷ್ಟ್ರನ್ನು ಕಂಡು, "ಇವನು ನನ್ನ ಮಗ, ಇಂಥ ಊರಿನಿಂದ ಬಂದಿದ್ದಾನೆ, ಸ್ವಲ್ಪ ನಾಚಿಕೆ ಸ್ವಭಾವ ಸಾರ್, ನೋಡ್ಕೊಳಿ" ಎಂದು ಎರಡು ಮಾತು ಆಡಿ ಬಂದರೂ ಸಾಕು. ಮಾರನೆಯ ದಿನದಿಂದ ಆ ಮೇಷ್ಟ್ರಿಗೆ ಹುಡುಗನ ಹೆಸರು ಗೊತ್ತಿರುತ್ತದೆ.

ಗೌರಿಬಿದನೂರು ಕಡೆಯ ಹೊಸೂರಿನ ಎಚ್. ನರಸಿಂಹಯ್ಯನವರ ಹೆಸರನ್ನು ಕೇಳದವರಿಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಅವರು ಬಡ ಮನೆಯ ಹುಡುಗನಾಗಿ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಬಸ್ಸಿಗೆ ದುಡ್ಡಿಲ್ಲದೆ ಊರಿನಿಂದ ನಡೆದೇ ಬಂದರು. ಈ ಸಂಗತಿಯನ್ನು ನಮ್ಮ ಹಿರಿಯರು ಮಕ್ಕಳನ್ನು ಗದರಿಸಲು ಬಳಸುತ್ತಾರೆ. "ಅವರು ನಡೆದು ಬಂದರು, ನಿನಗೆ ಬಸ್ಸಿದೆ, ಬೂಟಿದೆ, ಆದರೂ ಓದಲು ಏನು ರೋಗ?" ಎಂದು. ನಮಗೆ ಇದರಲ್ಲಿ ಕಾಣುವುದು ಬೇರೆ. ಅಷ್ಟು ದೂರ ನಡೆದ ಹುಡುಗನಿಗೆ ತನ್ನ ಬುದ್ಧಿಯನ್ನು ಗುರುತಿಸಿದ ಮೇಷ್ಟ್ರ ಒತ್ತಾಸೆಯಿತ್ತು. ಬಸ್ಸು, ಬೂಟು ಕೊಡಿಸುವುದು ಸುಲಭ. ಅರವತ್ತು ಮಕ್ಕಳ ನಡುವೆ ಗುರುತಿಸುವ ಒಬ್ಬರನ್ನು ಸಂಪಾದಿಸಿಕೊಡುವುದು ಕಷ್ಟ, ಆದರೆ ಅಸಾಧ್ಯವಲ್ಲ.

ಇನ್ನು ಕೊಯ್ಲಿನ ಮಾತು. ಇದನ್ನು ಬರೆದರೆ ಕೆಲವು ಸದಸ್ಯರಿಗೆ ಮುನಿಸು ಬರಬಹುದು, ಬರಲಿ. ಆಳು ಸಿಗುವುದಿಲ್ಲ, ಒಂದು ವಾರ ತಾನೇ, ಮನೆಯ ಕೆಲಸ ಕಲಿಯದೆ ನಾಳೆ ತೋಟ ನೋಡುವವರಾರು ಎಂದು ಮಕ್ಕಳನ್ನು ಶಾಲೆ ಬಿಡಿಸಿ ನಿಲ್ಲಿಸಿಕೊಳ್ಳುವುದು ತಪ್ಪು. ಭಾನುವಾರ ಕಣದಲ್ಲಿ ಕಾಫಿ ಹರವಲಿ, ದಸರಾ ರಜೆಯಲ್ಲಿ ಅಡಿಕೆ ಆರಿಸಲಿ, ಅದರಿಂದ ಯಾವ ಮಗುವೂ ಕೆಡುವುದಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿಯಂತೆ ಹದಿನಾಲ್ಕು ತುಂಬದ ಮಕ್ಕಳು ಮನೆಯವರ ಕಸುಬಿಗೆ ಕೈಜೋಡಿಸಬಹುದಾದದ್ದು ಶಾಲೆಯ ಹೊತ್ತು ಮುಗಿದ ಮೇಲೆ, ಇಲ್ಲವೆ ರಜೆಯಲ್ಲಿ ಮಾತ್ರ. ಕೂಲಿಗೆ ಹಚ್ಚುವಂತೆಯೇ ಇಲ್ಲ. ಈ ಮಾತು ನಮ್ಮ ಲೈನ್ ಮನೆಗಳಲ್ಲಿರುವ ಕೂಲಿಯವರ ಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆಂಬುದನ್ನು ಮರೆಯಬಾರದು. ಅವರೂ ಜೂನ್‌ನಲ್ಲಿ ಎಂಟನೆಯ ತರಗತಿ ಸೇರಬೇಕಾದ ಮಕ್ಕಳೇ.

ಹುಡುಗಿಯರ ಮೇಲೆ ಈ ಹೊರೆ ಇನ್ನೂ ಹೆಚ್ಚು. ತಾಯಿ ಕಣಕ್ಕೆ ಹೋದರೆ ಅಡಿಗೆ, ತಮ್ಮ ತಂಗಿಯರು, ದನಕರು ಎಲ್ಲ ಎಂಟನೆಯ ತರಗತಿಯವಳ ತಲೆಗೆ. ಇಷ್ಟಾಗಿಯೂ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹುಡುಗಿಯರೇ ವರ್ಷ ವರ್ಷ ಮುಂದಿರುತ್ತಾರೆ. ಹುಡುಗನಿಗೆ ಬೈಕಿನ ಕೀಲಿ ಕೊಟ್ಟು ಹುಡುಗಿಗೆ ಸೌಟು ಕೊಡುವ ಮನೆಗಳು ಈ ಸಂಗತಿಯನ್ನು ಸ್ವಲ್ಪ ಯೋಚಿಸಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ. ದೂರವೆಂಬ ನೆಪ ಅಷ್ಟರ ಮಟ್ಟಿಗೆ ಕಡಿಮೆಯಾಗಿದೆ. 2006-07ರಿಂದ ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್ಲು ಮಾತ್ರ ಕೋವಿಡ್ ಬಂದ ಮೇಲೆ ನಿಂತಿತು. ಬಸ್ಸೇ ಹೋಗದ ಹಳ್ಳಿಗಳಿಗೆ ಅದರ ಬೆಲೆ ಗೊತ್ತು.

ಒಂದು ತಿಂಗಳು ಹೋಗದಿದ್ದರೇನು, ಪಾಸಾಗುತ್ತಾರೆ ಬಿಡಿ ಎಂಬ ಹಳೆಯ ಧೈರ್ಯ ಇನ್ನು ನಡೆಯದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕು. ವಿಷಯಕ್ಕೆ ನೂರು ಅಂಕವೆಂದರೆ 80 ಬರವಣಿಗೆಗೆ, 20 ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ದೂರದಿಂದ ನೋಡುವ ಏರ್ಪಾಡು ಬಂತು. ಆ ವರ್ಷ ಹೆಚ್ಚು ಕೃಪಾಂಕ ಕೊಟ್ಟರೂ, 2023ರಲ್ಲಿ ಶೇಕಡ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಮರುವರ್ಷ ಕೃಪಾಂಕ ತೆಗೆದಾಗ ಮೊದಲನೆಯ ಪರೀಕ್ಷೆಯಲ್ಲಿ ಶೇಕಡ 62.34 ಮಾತ್ರ. ಮಕ್ಕಳು ಎರಡೇ ವರ್ಷದಲ್ಲಿ ದಡ್ಡರಾದರೆಂದು ಇದರ ಅರ್ಥವಲ್ಲ. ಎಂಟು ಒಂಬತ್ತರಲ್ಲಿ ಬಿಟ್ಟುಹೋದದ್ದನ್ನು ಹತ್ತರ ಕೊನೆಯಲ್ಲಿ ಮುಚ್ಚಿಡುತ್ತಿದ್ದ ಹೊದಿಕೆ ತೆಗೆದರು, ಅಷ್ಟೆ.

ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಬರೆದು ಅದೇ ವರ್ಷ ಕಾಲೇಜು ಸೇರಬಹುದು. ಗಣಿತ ಒಂದು ಹೋಯಿತೆಂದು ಹುಡುಗನನ್ನು ತೋಟಕ್ಕೆ ಹಾಕಿಬಿಡುವುದು, ಹುಡುಗಿಗೆ ಗಂಡು ನೋಡಲು ಹೊರಡುವುದು ಎರಡೂ ಅವಿವೇಕ. ಫಲಿತಾಂಶದ ದಿನ ಮನೆಯಲ್ಲಿ ಯಾರೂ ಕೂಗಾಡಬಾರದು. ನೆಂಟರ ಮಗನ ಅಂಕದ ಮಾತು ಆ ದಿನ ಬರಲೇಕೂಡದು.

ಹಣದ ವಿಚಾರದಲ್ಲಿ ಬಹು ಮಂದಿಗೆ ತಿಳಿಯದ ಒಂದು ಸೌಲಭ್ಯವಿದೆ. ಎನ್.ಎಂ.ಎಂ.ಎಸ್. ಎಂಬ ಕೇಂದ್ರದ ವಿದ್ಯಾರ್ಥಿವೇತನಕ್ಕೆ ಎಂಟನೆಯ ತರಗತಿಯಲ್ಲೇ ಪರೀಕ್ಷೆ. ಸರ್ಕಾರಿ ಇಲ್ಲವೆ ಅನುದಾನಿತ ಶಾಲೆಯಲ್ಲಿ ಓದುತ್ತಿದ್ದು, ಏಳನೆಯದರಲ್ಲಿ ಶೇಕಡ 55 ಅಂಕ ಪಡೆದು, ತಂದೆ ತಾಯಿಯ ವರ್ಷದ ವರಮಾನ ಮೂರೂವರೆ ಲಕ್ಷ ಮೀರದಿದ್ದರೆ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ. ಅರ್ಜಿಯ ಕೊನೆಯ ದಿನ ನಾವು ಕೊಯ್ಲಿನ ಗಡಿಬಿಡಿಯಲ್ಲಿರುವಾಗ ಕಳೆದುಹೋಗುತ್ತದೆ. ವರಮಾನದ ಪ್ರಮಾಣಪತ್ರವನ್ನು ಜೂನ್ ಜುಲೈಯಲ್ಲೇ ನಾಡಕಚೇರಿಯಿಂದ ಮಾಡಿಸಿ ಹೆಡ್‌ಮಾಸ್ಟರರಿಗೆ ಮುಂಚೆಯೇ ಹೇಳಿಡಬೇಕು.

ಮೊಬೈಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾವು ಹೆಚ್ಚು ಬರೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲ ಫೋನುಗಳೂ, ಅಡಿಕೆ ಧಾರಣೆ ನೋಡುವ ಯಜಮಾನರದೂ ಸೇರಿ, ಒಂದು ಕಡೆ ಇರಲಿ. ಟ್ಯೂಷನ್ನೂ ಅಷ್ಟೆ. ಬೇಕಾದ ವಿಷಯಕ್ಕೆ ಇರಲಿ, ಮಗುವನ್ನು ಎಲ್ಲಾದರೂ ಕೂಡಿಹಾಕುವ ಉಪಾಯವಾಗಬಾರದು.

ಮನೆಯಿಂದ ದೂರವಿರುವ ಮಕ್ಕಳ ವಿಚಾರದಲ್ಲಿ ಸಂಘವೂ ಸ್ವಲ್ಪ ಮಾಡಬಹುದೆಂದು ನಮಗೆ ತೋರುತ್ತದೆ. ಅರಿಶಿನಕುಂಟೆ, ನೆಲಮಂಗಲದ ಸುತ್ತ ವಾಸವಿರುವ ಸದಸ್ಯರು ಘಟ್ಟದ ಕಡೆಯಿಂದ ಬಂದು ಓದುತ್ತಿರುವ ಒಂದೊಂದು ಮಗುವಿಗೆ ಸ್ಥಳದ ಪೋಷಕರಾಗಲಿ. ವಾರಕ್ಕೊಮ್ಮೆ ಊಟಕ್ಕೆ ಕರೆಯುವುದು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವುದು, ತಂದೆಗೆ ಬಿಡುವಿಲ್ಲದ ದಿನ ಶಾಲೆಯ ಪೋಷಕರ ಸಭೆಗೆ ಹೋಗಿಬರುವುದು, ಇಷ್ಟೇ ಕೆಲಸ. ಅದಕ್ಕೆ ಪ್ರತಿಯಾಗಿ ಘಟ್ಟದ ಸದಸ್ಯರು ಬಯಲುಸೀಮೆಯ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಹತ್ತು ದಿನ ತೋಟಕ್ಕೆ ಕರೆಸಿಕೊಳ್ಳಬಹುದು. ಸಂಘದ ಗೋದಾಮಿನ ಮುಂಭಾಗದ ಕೋಣೆ ಸಂಜೆ ಖಾಲಿಯಿರುತ್ತದೆ. ಒಂದು ಮೇಜು, ನಾಲ್ಕು ಬೆಂಚು, ಒಳ್ಳೆಯ ದೀಪ ಹಾಕಿದರೆ ಮನೆಯಲ್ಲಿ ಅಡಿಕೆ ಸುಲಿಯುವ ಗದ್ದಲವಿರುವ ಮಕ್ಕಳು ಅಲ್ಲಿ ಕುಳಿತು ಓದಿಯಾರು. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಈ ಎರಡು ಸಂಗತಿಗಳನ್ನೂ ಎತ್ತಬೇಕೆಂದಿದ್ದೇವೆ. ಪೋಷಕರಾಗಲು ಒಪ್ಪುವ ಸದಸ್ಯರೂ, ದೂರದಲ್ಲಿ ಮಕ್ಕಳನ್ನು ಬಿಟ್ಟಿರುವ ಸದಸ್ಯರೂ ತಮ್ಮ ಹೆಸರು, ಮಗುವಿನ ತರಗತಿ, ಶಾಲೆಯ ವಿವರಗಳನ್ನು ಕಚೇರಿಯಲ್ಲಿ ಗುಮಾಸ್ತರ ಬಳಿ ಬರೆಸಬೇಕೆಂದು ಕೋರುತ್ತೇವೆ. ಎರಡನೆಯ ಸಿಂಪರಣೆಯ ಗಲಾಟೆ ಶುರುವಾಗುವ ಮುಂಚೆ ಬರೆಸಿದರೆ ಅನುಕೂಲ.